ಘಾಟಿ ಹತ್ತುವಾಗ ಪಿಕಪ್ ಹೀಟ್ ಆಗುತ್ತದೆ, ಹೀಟರ್‌ನಲ್ಲಿ ಮಾತ್ರ ತಣ್ಣನೆ ಗಾಳಿ. ಮೊದಲು ರೇಡಿಯೇಟರ್ ಬದಲಿಸಲೇ, ಹೀಟರ್ ಕಾಯಿಲ್ ಬದಲಿಸಲೇ?

ಸದ್ಯಕ್ಕೆ ಎರಡನ್ನೂ ಬದಲಿಸಬೇಡಿ. ಇದು ಬಹುಶಃ ಎರಡು ತೊಂದರೆ ಅಲ್ಲ, ಒಂದೇ. ಹೀಟರ್ ಕಾಯಿಲ್‌ನಲ್ಲಿ ಹರಿಯುವುದೂ ಎಂಜಿನ್‌ನ ಅದೇ ಬಿಸಿನೀರು.

ನಾನು ಅರಸೀಕೆರೆಯಿಂದ ಮಂಗಳೂರಿಗೆ ಹಳೆಯ ಡೀಸೆಲ್ ಪಿಕಪ್‌ನಲ್ಲಿ ತೆಂಗಿನಕಾಯಿ ಸಾಗಿಸುತ್ತಿದ್ದೆ. ಹೋಗುವಾಗ ಇಳಿಜಾರು, ಏನೂ ತೊಂದರೆಯಿಲ್ಲ. ವಾಪಸ್ ಬರುವಾಗ ಹೆಂಚು ತುಂಬಿಕೊಂಡು ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತಿದರೆ ಅರ್ಧ ದಾರಿಯಲ್ಲೇ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗುತ್ತಿತ್ತು. ಆಷಾಢದ ಮಳೆ, ಒಳಗಡೆ ಗಾಜಿನ ತುಂಬ ಮಂಜು. ಹೀಟರ್ ಹಾಕಿದರೆ ತಣ್ಣನೆ ಗಾಳಿ. ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದು ಕೈಯಲ್ಲಿ ಬಟ್ಟೆ ಹಿಡಿದು ಗಾಜು ಒರೆಸುತ್ತಾ ಸಕಲೇಶಪುರ ಸೇರಿದ್ದೇನೆ.

ಮೇಸ್ತ್ರಿ ಮೊದಲು ಥರ್ಮೋಸ್ಟ್ಯಾಟ್ ವಾಲ್ವ್ (ಎಂಜಿನ್ ಬಿಸಿಯಾದಾಗ ನೀರನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್) ಕಿತ್ತು ಹಾಕಿದರು. ನಮ್ಮ ಕಡೆ ಎಲ್ಲರೂ ಮಾಡುವುದು ಅದನ್ನೇ. ದಯವಿಟ್ಟು ಹಾಗೆ ಮಾಡಲು ಬಿಡಬೇಡಿ. ಎಷ್ಟೋ ಡೀಸೆಲ್ ಎಂಜಿನ್‌ಗಳಲ್ಲಿ ಬಿಸಿಯಾದಾಗ ಬೈಪಾಸ್ ದಾರಿ ಮುಚ್ಚುವುದೂ ಆ ವಾಲ್ವೇ. ಅದಿಲ್ಲದಿದ್ದರೆ ಒಂದಷ್ಟು ನೀರು ರೇಡಿಯೇಟರ್‌ಗೆ ಹೋಗದೆ ಎಂಜಿನ್‌ನಲ್ಲೇ ಸುತ್ತುತ್ತದೆ. ಆಮೇಲೆ ರೇಡಿಯೇಟರ್ ತೊಳೆಸಿದೆ, ವಾಟರ್ ಪಂಪ್ ಬದಲಿಸಿದೆ. ಪ್ರತಿ ಸಲವೂ ಎರಡು ಟ್ರಿಪ್ ಚೆನ್ನಾಗಿ ಓಡಿತು. ಕೆಲಸ ಮುಗಿದ ಮೇಲೆ ಪೂರ್ತಿ ನೀರು ತುಂಬಿ, ಏರ್ ತೆಗೆಯುತ್ತಿದ್ದರಲ್ವಾ, ಅದಕ್ಕೆ.

ನನ್ನ ತಪ್ಪು ಬೇರೆಯೇ ಇತ್ತು. ಕ್ಯಾಬಿನ್‌ನಲ್ಲಿ ಒಂದು ನೀರಿನ ಕ್ಯಾನ್ ಇಟ್ಟುಕೊಂಡಿದ್ದೆ. ಎಂಜಿನ್ ಆರಿದ ಮೇಲೆ ನೀರು ಹಾಕಿ ಮುಂದೆ ಹೋಗುವುದು. ಮೊದಮೊದಲು ಎರಡು ಲೀಟರ್ ಹಿಡಿಯುತ್ತಿತ್ತು, ಆಮೇಲೆ ಐದು. ಹಳೆಯ ಗಾಡಿ, ನೀರು ಕುಡಿಯುತ್ತದೆ ಅಂದುಕೊಂಡೆ. ನಿಂತ ಗಾಡಿ ಕೆಳಗೆ ಒಂದು ಹನಿ ಬಿದ್ದಿಲ್ಲ, ಹೋಸ್ ಪೈಪ್ ಒಂದೂ ಒದ್ದೆಯಿಲ್ಲ. ಹಾಗಾದರೆ ಐದು ಲೀಟರ್ ಎಲ್ಲಿಗೆ ಹೋಯಿತು? ನಾಲ್ಕು ತಿಂಗಳು ನಾನು ಆ ಪ್ರಶ್ನೆ ಕೇಳಲೇ ಇಲ್ಲ. ಕೇಳಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್‌ಗೂ ಅದರ ಮೇಲೆ ಕೂರುವ ಹೆಡ್‌ಗೂ ನಡುವಿನ ತೆಳು ಹಾಳೆ) ಬದಲಿಸುವುದರಲ್ಲೇ ಮುಗಿಯುತ್ತಿತ್ತು. ನೀರು ಹಾಕಿದಾಗೆಲ್ಲ ಮುಳ್ಳು ಇಳಿಯುತ್ತಿತ್ತು, ಮುಳ್ಳು ಇಳಿದಾಗೆಲ್ಲ ನನಗೆ ರೋಗ ವಾಸಿಯಾದ ಹಾಗೆ ಕಾಣುತ್ತಿತ್ತು.

ಆಗುತ್ತಿದ್ದುದು ಇಷ್ಟು. ಹೆಡ್ ಗ್ಯಾಸ್ಕೆಟ್ ಕೂದಲೆಳೆಯಷ್ಟು ಬಿಟ್ಟಿತ್ತು. ಲೋಡ್ ಬಿದ್ದಾಗ ಸಿಲಿಂಡರ್‌ನ ಗ್ಯಾಸ್ ನೀರಿನ ದಾರಿಗೆ ನುಗ್ಗಿ, ನೀರನ್ನು ರೇಡಿಯೇಟರ್ ಕ್ಯಾಪ್ ಮೂಲಕ ಪಕ್ಕದ ಓವರ್‌ಫ್ಲೋ ಬಾಟಲಿಗೆ, ಅಲ್ಲಿಂದ ರಸ್ತೆಗೆ ತಳ್ಳುತ್ತಿತ್ತು. ಉಳಿದ ಗಾಳಿ ಎತ್ತರದಲ್ಲಿರುವ ಹೀಟರ್ ಕಾಯಿಲ್‌ನಲ್ಲಿ ಸೇರಿಕೊಳ್ಳುತ್ತಿತ್ತು. ಬಿಸಿನೀರೇ ಬರದಿದ್ದರೆ ಹೀಟರ್ ಏನು ಮಾಡೀತು? ಬರೀ ರೇಡಿಯೇಟರ್ ಕಟ್ಟಿಕೊಂಡಿದ್ದರೆ ಹೀಟರ್‌ನಿಂದ ಸುಡುವಂಥ ಗಾಳಿ ಬರಬೇಕಿತ್ತು. ತಣ್ಣನೆ ಗಾಳಿ ಬಂತೆಂದರೆ ಹೆಚ್ಚಾಗಿ ನೀರು ಕಮ್ಮಿ, ಇಲ್ಲವೇ ಏರ್ ಲಾಕ್ (ಗಾಳಿ ಸಿಕ್ಕಿಕೊಂಡು ನೀರಿನ ದಾರಿ ಕಟ್ಟುವುದು), ಇಲ್ಲವೇ ಪಂಪ್ ತಿರುಗಿಸುತ್ತಿಲ್ಲ.

ಕೊನೆಗೆ ಒಂದು ರಾತ್ರಿ, ಹಿಂದೆ ಲಾರಿಗಳ ಸಾಲು. ಎಂಜಿನ್ ಆರುವ ತನಕ ಕಾಯದೆ ತೊರೆಯ ನೀರು ಸುರಿದೆ. ಹೆಡ್ ಸೀಳಿತು. ಹೊಸ ಹೆಡ್, 23 ದಿನ ಗಾಡಿ ಮನೆ ಮುಂದೆ.

ನೀವು ನಾಳೆ ಬೆಳಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಕ್ಯಾಪ್ ತೆಗೆದು, ಬಾಯಿಮಟ್ಟ ನೀರು ತುಂಬಿ ಸ್ಟಾರ್ಟ್ ಮಾಡಿ. ಮೊದಲು ನಾಲ್ಕಾರು ಗುಳ್ಳೆ ಬಂದರೆ ಚಿಂತೆಯಿಲ್ಲ. ನಿಲ್ಲದೆ ಬರುತ್ತಿದ್ದು, ಆಕ್ಸಿಲರೇಟರ್ ಒತ್ತಿದಾಗ ಜಾಸ್ತಿಯಾದರೆ ಗ್ಯಾಸ್ಕೆಟ್ ಮೇಲೆಯೇ ಅನುಮಾನ. ಇನ್ನೊಂದು ದಿನ ಕ್ಯಾಪ್ ಹಾಕಿ, ಸ್ಟಾರ್ಟ್ ಆದ ಎರಡು ನಿಮಿಷದೊಳಗೆ ಮೇಲಿನ ಹೋಸ್ ಹಿಸುಕಿ ನೋಡಿ. ಪೈಪ್ ಇನ್ನೂ ತಣ್ಣಗಿದ್ದರೂ ಕಲ್ಲಿನಂತೆ ಗಟ್ಟಿಯಾಗಿದ್ದರೆ ಅದು ಬಿಸಿಯ ಒತ್ತಡವಲ್ಲ, ಗ್ಯಾಸ್. ಆಮೇಲೆ ಗ್ಯಾರೇಜ್‌ನಲ್ಲಿ ನೀಲಿ ದ್ರವದ ಟೆಸ್ಟ್ ಮಾಡಿಸಿ, ರೇಡಿಯೇಟರ್ ಬಾಯಿಯ ಗಾಳಿಯನ್ನು ಆ ದ್ರವದ ಮೂಲಕ ಹಾಯಿಸಿ ನೋಡುತ್ತಾರೆ. ಗ್ಯಾಸ್ ಇದ್ದರೆ ಅದರ ಬಣ್ಣ ಬದಲಾಗುತ್ತದೆ.

ಗ್ಯಾಸ್ ಇಲ್ಲ ಅಂತಾದರೆ, ಎಂಜಿನ್ ಬಿಸಿಯಾದ ಮೇಲೆ ಹೀಟರ್‌ಗೆ ಹೋಗುವ ಎರಡು ಪೈಪ್ ಮುಟ್ಟಿ ನೋಡಿ. ಒಂದು ಬಿಸಿ ಒಂದು ತಣ್ಣಗೆ ಇದ್ದರೆ ಮಾತ್ರ ಕಾಯಿಲ್ ಮಾತು.

ಹೆಡ್ ಬಿಚ್ಚಿದರೆ ಫೇಸಿಂಗ್ (ಹೆಡ್‌ನ ಅಡಿಮಟ್ಟ ಸಮವಾಗಿದೆಯೇ ಎಂದು) ನೋಡದೆ ಹೊಸ ಗ್ಯಾಸ್ಕೆಟ್ ಕೂರಿಸಲು ಬಿಡಬೇಡಿ. ನೀರು ತುಂಬುವಾಗ ಗಾಡಿಯ ಮೂತಿ ಮೇಲಿರಲಿ, ಹೀಟರ್ ಬಿಸಿಗೆ ತಿರುಗಿಸಿರಲಿ. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಹಾಕಿ. ಇದೆಲ್ಲ ಸರಿಯಾಗುವ ತನಕ ಲೋಡ್ ಹಾಕಿಕೊಂಡು ಘಾಟಿ ಹತ್ತಬೇಡಿ. ಗುಳ್ಳೆ ಬಂತೋ ಇಲ್ಲವೋ, ಬರೆದು ತಿಳಿಸಿ.