ಹಳೆಯ ಪದ್ಮಿನಿಯ ತುಕ್ಕು: ಎಲ್ಲ ಭಾಗಕ್ಕೂ ಒಂದೇ ಬಣ್ಣ ಸಾಕೇ?

ಪ್ರಶ್ನೆ: ತಂದೆಯವರ ಕಾಲದ ಪ್ರೀಮಿಯರ್ ಪದ್ಮಿನಿ ಕಾರನ್ನು ಸರಿಪಡಿಸುತ್ತಿದ್ದೇನೆ. ಬಾನೆಟ್ಟಿನ ಕೀಲು, ಸ್ಪ್ರಿಂಗುಗಳು, ಬ್ರ್ಯಾಕೆಟ್ಟುಗಳು, ನಟ್ಟು-ಬೋಲ್ಟುಗಳೆಲ್ಲ ತುಕ್ಕು ಹಿಡಿದಿವೆ. ಉಜ್ಜಿ ಕಪ್ಪು ಸ್ಪ್ರೇ ಬಣ್ಣ ಹೊಡೆದರೆ ಸಾಕೇ?
– ಓದುಗರೊಬ್ಬರು, ಮೈಸೂರು

ಉತ್ತರ: ಬ್ರ್ಯಾಕೆಟ್ಟುಗಳಿಗೆ ಸಾಕು, ನಟ್ಟು-ಬೋಲ್ಟುಗಳಿಗೆ ಸಾಲದು. ಬೋಲ್ಟಿನ ತಲೆಗೆ ಹೊಡೆದ ಬಣ್ಣವು ಸ್ಪ್ಯಾನರ್ ಹಾಕಿ ತಿರುಗಿಸಿದ ಕೂಡಲೇ ಮೂಲೆಗಳಲ್ಲಿ ಎದ್ದುಬರುತ್ತದೆ, ತುಕ್ಕು ಅಲ್ಲಿಂದಲೇ ಮತ್ತೆ ಶುರುವಾಗುತ್ತದೆ. ಅವುಗಳಿಗೆ ಜಿಂಕ್ ಪ್ಲೇಟಿಂಗ್ ಮಾಡಿಸಿ. ಸತುವಿನ ಪದರ ಕೆಲವೇ ಮೈಕ್ರಾನ್ ದಪ್ಪವಿರುವುದರಿಂದ ಥ್ರೆಡ್ ಬಿಗಿಯಾಗುವುದಿಲ್ಲ. ಗೀರು ಬಿದ್ದರೂ ಸತುವೇ ಮೊದಲು ಸವೆದು ಒಳಗಿನ ಉಕ್ಕನ್ನು ಕಾಯುತ್ತದೆ. ಪ್ಲೇಟಿಂಗಿಗೆ ಕೊಡುವ ಮುನ್ನ ಎಲ್ಲವನ್ನೂ ಎಣಿಸಿ, ಹರಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಅಲ್ಲಿ ಹತ್ತಾರು ಜನರ ಬೋಲ್ಟುಗಳು ಒಂದೇ ಡ್ರಮ್ಮಿನಲ್ಲಿ ಸುತ್ತುತ್ತಿರಬಹುದು.

ಬ್ರ್ಯಾಕೆಟ್ಟುಗಳ ಗ್ರೀಸನ್ನು ಸೀಮೆಎಣ್ಣೆಯಿಂದ ತೆಗೆದು, ಸೋಪಿನ ನೀರಿನಲ್ಲಿ ತೊಳೆಯಿರಿ. ಬಳಿಕ ಒಂದು ಲೀಟರ್ ಬೆಚ್ಚಗಿನ ನೀರಿಗೆ ಸುಮಾರು 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಬೆರೆಸಿ ಅದರಲ್ಲಿ ನೆನೆಹಾಕಿ, ಆಗಾಗ ಬ್ರಷ್ಷಿನಿಂದ ಉಜ್ಜಿ ನೋಡುತ್ತಿರಿ. ತುಕ್ಕು ಬಿಟ್ಟ ಮೇಲೆ ಅಡುಗೆ ಸೋಡಾದ ನೀರಿನಲ್ಲಿ ಅದ್ದಿ, ತೊಳೆದು, ತಕ್ಷಣ ಬಿಸಿಗಾಳಿಯಲ್ಲಿ ಒಣಗಿಸಬೇಕು. ಇಲ್ಲಿ ತಡಮಾಡಿದರೆ ಬೂದುಬಣ್ಣದ ಲೋಹದ ಮೇಲೆ ನೋಡುನೋಡುತ್ತಲೇ ತೆಳುವಾದ ಕಿತ್ತಳೆ ಛಾಯೆ ಮೂಡುತ್ತದೆ. ಅದರ ಮೇಲೆ ಪ್ರೈಮರ್ ಹೊಡೆದರೆ ಶ್ರಮವೆಲ್ಲ ವ್ಯರ್ಥ. ಎಪಾಕ್ಸಿ ಪ್ರೈಮರನ್ನು ಅಂದೇ ಹಚ್ಚಿ, ಬಣ್ಣವನ್ನು ಎರಡು ತೆಳು ಪದರಗಳಲ್ಲಿ ಕೊಡಿ. ಬಾನೆಟ್ಟಿನಡಿ ಪೂರ್ಣ ಹೊಳಪಿನ ಕಪ್ಪಿಗಿಂತ ಅರೆಹೊಳಪಿನದೇ ನನ್ನ ಕಣ್ಣಿಗೆ ಹಿತ.

ಪ್ರತಿ ಭಾಗಕ್ಕೂ ಮೊದಲು ಅಯಸ್ಕಾಂತ ಹಿಡಿದು ನೋಡಿ. ಹಳೆಯ ಕಾರುಗಳ ಕ್ರೋಮ್ ಹಿಡಿಗಳು, ಲಾಂಛನಗಳು ಎಷ್ಟೋ ಸಲ ಸತುವಿನ ಎರಕದವು. ಅಯಸ್ಕಾಂತ ಅಂಟದಿದ್ದರೆ ಆಮ್ಲದ ಹತ್ತಿರ ತರಬೇಡಿ, ಲೋಹವೇ ಕರಗುತ್ತದೆ.

ಸ್ಪ್ರಿಂಗುಗಳ ವಿಷಯ ಬೇರೆ. ಆಮ್ಲದಲ್ಲಿ ನೆನೆದಾಗಲೂ ಪ್ಲೇಟಿಂಗ್ ಆಗುವಾಗಲೂ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಸೇರಿ ಅದನ್ನು ಪೆಡಸಾಗಿಸುತ್ತದೆ. ಚೆನ್ನಾಗಿಯೇ ಕಾಣುವ ಸ್ಪ್ರಿಂಗ್ ಮುಂದೊಂದು ದಿನ ಭಾರ ಬಿದ್ದಾಗ ಥಟ್ಟನೆ ಮುರಿಯಬಹುದು. ಆದ್ದರಿಂದ ವೈರ್ ಬ್ರಷ್ಷಿನಿಂದಷ್ಟೇ ಉಜ್ಜಿ ಬಣ್ಣ ಕೊಡಿ. ಬ್ರೇಕ್ ಮತ್ತು ಸ್ಟಿಯರಿಂಗಿನ ತುಕ್ಕು ತಿಂದ ಬೋಲ್ಟುಗಳಿಗೆ ಯಾವ ಲೇಪನವೂ ಬೇಡ. ಅದೇ ಗ್ರೇಡಿನ ಹೊಸದನ್ನು ಹಾಕಿ.

ಅರ್ಥಿಂಗ್ ವೈರು ಕೂರುವ ಜಾಗಕ್ಕೆ ಬಣ್ಣ ಹೊಡೆಯುವ ಮುನ್ನ ಟೇಪ್ ಅಂಟಿಸಲು ಮರೆಯದಿರಿ. ಇಲ್ಲವಾದರೆ ದೀಪಗಳು ಮಂಕಾಗಿ ಉರಿಯುತ್ತವೆ.