ಅಧ್ಯಾಯವಿಲ್ಲದ ತಾಯಿ

ಧಾರವಾಡದಲ್ಲಿ ಎಂ.ಎ. ಓದುತ್ತಿರುವ ಓದುಗರೊಬ್ಬರು ತುಸು ಕೋಪದಿಂದಲೇ ಪತ್ರ ಬರೆದಿದ್ದಾರೆ. ಅಮೆರಿಕದ ಚೀನೀ ವಲಸಿಗರ ಕಾದಂಬರಿಗಳ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವು, ಮಗಳ ಓದು, ಉಡುಪು, ಮದುವೆಗಳನ್ನೆಲ್ಲ ತನ್ನ ಅಂಕೆಯಲ್ಲಿಟ್ಟುಕೊಳ್ಳುವ ತಾಯಿಯನ್ನು ‘ತ್ಯಾಗಮಯಿ’ ಎಂದು ಕೊಂಡಾಡಿದ್ದು ದಬ್ಬಾಳಿಕೆಗೆ ಹೂ ಮುಡಿಸಿದಂತಾಗಲಿಲ್ಲವೇ ಎಂಬುದು ಅವರ ಪ್ರಶ್ನೆ.

ಆಕ್ಷೇಪ ಪೂರ್ತಿ ತಪ್ಪಲ್ಲ. ಆ ಪದವನ್ನು ನಾನೇ ಹೊಡೆದುಹಾಕಬೇಕಿತ್ತು. ಆ ಹೆಣ್ಣುಮಕ್ಕಳು ಪಟ್ಟ ಪಾಡೂ ಸುಳ್ಳಲ್ಲ. ಆದರೆ ಇಷ್ಟು ಚುರುಕಾಗಿ ಬರೆಯಬಲ್ಲ ನೀವು ಈ ಕಥೆಗಳನ್ನು ಮಗಳ ಕಣ್ಣಿನಿಂದಷ್ಟೇ ಓದಿದ್ದೀರಲ್ಲ ಎಂದು ನನಗೆ ಬೇಸರ.

ನೀವೇ ಉದಾಹರಿಸಿದ, 1989ರಲ್ಲಿ ಬಂದ ಆಮಿ ಟಾನ್ ಅವರ ‘ದಿ ಜಾಯ್ ಲಕ್ ಕ್ಲಬ್’ ತೆಗೆದುಕೊಳ್ಳಿ. ಸ್ಯಾನ್ ಫ್ರಾನ್ಸಿಸ್ಕೋದ ಸುಯುವಾನ್ ಕಂಡವರ ಮನೆ ಗುಡಿಸಿ ಒರೆಸುವವಳು. ಆ ಮನೆಗಳಿಂದ ತಂದ ಹಳೆಯ ಪತ್ರಿಕೆಗಳಲ್ಲಿ ಅಸಾಧಾರಣ ಪ್ರತಿಭೆಯ ಮಕ್ಕಳ ಬಗೆಗಿನ ಕಥೆಗಳನ್ನು ಹುಡುಕಿ, ಊಟವಾದ ಮೇಲೆ ಮಗಳಿಗೆ ಪರೀಕ್ಷೆ ಇಡುತ್ತಾಳೆ. ಪಿಯಾನೋ ಪಾಠದ ಬದಲಿಗೆ ಮೇಷ್ಟ್ರ ಮನೆಯನ್ನೂ ಗುಡಿಸಿಕೊಡುತ್ತಾಳೆ. ಮೇಷ್ಟ್ರಿಗೋ ಕಿವಿ ಕೇಳದು, ಮಗಳು ತಪ್ಪು ಸ್ವರ ನುಡಿಸಿಯೂ ಪಾರಾಗುತ್ತಾಳೆ. ಒಂದು ದಿನ ಜಗಳ ಹೆಚ್ಚಿ, ‘ಅವರ ಹಾಗೆ’ ತಾನೂ ಸತ್ತಿದ್ದರೆ ಚೆನ್ನಾಗಿತ್ತು ಎಂದು ಮಗಳು ಕಿರುಚುತ್ತಾಳೆ. ಅವರೆಂದರೆ, ಯುದ್ಧಕಾಲದಲ್ಲಿ ಚೀನಾದಲ್ಲಿ ಓಡಿಬರುವಾಗ ಸುಯುವಾನ್ ದಾರಿಯ ಬದಿಯಲ್ಲಿ ಬಿಟ್ಟುಬಂದ ಅವಳಿ ಹೆಣ್ಣುಕೂಸುಗಳು. ತಾಯಿ ತುಟಿ ಬಿಗಿದು, ಕೈಸೋತು, ಹಿಂದೆ ಸರಿದುಬಿಡುತ್ತಾಳೆ.

ಇನ್ನೊಂದು ಸಂಗತಿ ನಿಮ್ಮ ಗಮನಕ್ಕೆ ಬಂದಂತಿಲ್ಲ. ಈ ಕಾದಂಬರಿಯ ನಾಲ್ವರು ತಾಯಂದಿರಲ್ಲಿ ಮೂವರಿಗೆ ಸ್ವಂತ ಅಧ್ಯಾಯಗಳಿವೆ. ಮಗಳ ಅಧ್ಯಾಯದಲ್ಲಿ ಹೆಜ್ಜೆಹೆಜ್ಜೆಗೂ ಕೊಂಕು ತೆಗೆಯುವ ಲಿಂಡೋ, ತನ್ನ ಅಧ್ಯಾಯಕ್ಕೆ ಬಂದೊಡನೆ, ಎರಡನೆಯ ವಯಸ್ಸಿಗೇ ಗೊತ್ತಾಗಿದ್ದ ಮದುವೆಯಿಂದ ಯಾರಿಗೂ ಅವಮಾನವಾಗದಂತೆ ಬಿಡಿಸಿಕೊಂಡ ಜಾಣ ಹುಡುಗಿ. ಸುಯುವಾನ್ ಮಾತ್ರ ಕಾದಂಬರಿ ಆರಂಭವಾಗುವ ಮೊದಲೇ ತೀರಿಕೊಂಡಿದ್ದಾಳೆ. ಅವಳ ಕಥೆ ನಮಗೆ ಸಿಗುವುದು ಬೇರೆಯವರ ಬಾಯಿಂದಲೇ.

ಟಾನ್ 1990ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಅವರ ಹೆತ್ತ ತಾಯಿಯೇ ಬರುತ್ತಾರೆ. ‘ಫೋರ್ಬ್ಸ್’ನಂಥ ವಾಣಿಜ್ಯ ಪತ್ರಿಕೆ ಓದಿ ಅರ್ಥ ಮಾಡಿಕೊಳ್ಳುತ್ತಿದ್ದ ಆ ಹೆಂಗಸಿನ ಇಂಗ್ಲಿಷ್ ಕೇಳಿದೊಡನೆ ಅಂಗಡಿ, ಬ್ಯಾಂಕುಗಳಲ್ಲಿ ಯಾರೂ ಲಕ್ಷ್ಯ ಕೊಡುತ್ತಿರಲಿಲ್ಲವಂತೆ. ಹದಿನೈದು ವರ್ಷದ ಮಗಳು ಫೋನಿನಲ್ಲಿ ತಾನೇ ತಾಯಿಯೆಂದು ಹೇಳಿಕೊಂಡು ಮಾತನಾಡಬೇಕಾಗುತ್ತಿತ್ತು. ಮನೆಯಲ್ಲಿ ಗದರುವ ತಾಯಿ ಹೊರಗೆ ಎಷ್ಟು ಚಿಕ್ಕವಳಾಗಿದ್ದಳು ನೋಡಿ.

ಇನ್ನು, ಮಕ್ಕಳನ್ನು ಕಟ್ಟುನಿಟ್ಟಾಗಿ ಬೆಳೆಸುವವಳಿಗೆ ಹಚ್ಚುವ ‘ಹುಲಿ ತಾಯಿ’ ಎಂಬ ಹಣೆಪಟ್ಟಿ. 2011ರಲ್ಲಿ ಆಮಿ ಚುವಾ ಅವರ ಆತ್ಮಕಥನ ಬಂದದ್ದೇ ತಡ, ಏಷ್ಯಾದ ತಾಯಿ ಎಲ್ಲಿ ಕಂಡರೂ ನಮ್ಮ ವಿಮರ್ಶಕರು ಇದನ್ನು ಅಂಟಿಸುತ್ತಾರೆ. ತಿದ್ದಿ ತಿದ್ದಿ ನನಗೆ ಸಾಕಾಗಿದೆ. ಸೆಲೆಸ್ಟ್ ಇಂಗ್ ಅವರ 2014ರ ಮೊದಲ ಕಾದಂಬರಿಯಲ್ಲಿ ಮಗಳು ಡಾಕ್ಟರಾಗಲೇಬೇಕೆಂದು ಹಟ ಹಿಡಿಯುವವಳು, ತಾನು ಡಾಕ್ಟರಾಗಲಾರದೆ ಹೋದ ಬಿಳಿಯ ಅಮೆರಿಕನ್ ಹೆಂಗಸು. ಚೀನೀ ಮೂಲದವನು ತಂದೆ.

ನಮ್ಮ ದೊಡ್ಡಮ್ಮ ಹನ್ನೆರಡು ಜನರ ಮನೆಯನ್ನು ಕಣ್ಸನ್ನೆಯಲ್ಲೇ ನಡೆಸಿದವರು. ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಗೆ ಹೋಗಿದ್ದಾಗ ಮಂಡಿನೋವು ಬಂತು. ಮೆಟ್ಟಿಲಿಳಿಯುವಾಗ ಒರಳಿಗೆ ಕಲ್ಲು ಸಿಕ್ಕಂತಾಗುತ್ತದೆ, ರಾತ್ರಿ ಮಲಗಿದರೆ ಇರುವೆ ಸಾಲು ಹರಿದಂತಾಗುತ್ತದೆ ಎಂದು ಡಾಕ್ಟರ ಮುಂದೆ ಸಾವಧಾನವಾಗಿ ವಿವರಿಸಿದರಂತೆ. ಮಗಳು ಡಾಕ್ಟರತ್ತ ತಿರುಗಿ, ಇಂಗ್ಲಿಷಿನಲ್ಲಿ ‘ನೀ ಪೇನ್’ ಎಂದಳು. ಊರಿಗೆ ಬಂದ ಮೇಲೆ ದೊಡ್ಡಮ್ಮ ನನ್ನನ್ನು ಕೇಳಿದ್ದು ಒಂದೇ: “ನಾನು ಅಷ್ಟೇನಾ ಹೇಳಿದ್ದು?”