ನಿಮ್ಮ ಫ್ಲಾರೆನ್ಸ್ ಕಾದಂಬರಿ ಬಗ್ಗೆ, ಬಿಚ್ಚುಮನಸ್ಸಿಂದ

ನಮಸ್ಕಾರ. ನೀವು ಕಳ್ಸಿದ ಮೊದಲ ಐದು ಅಧ್ಯಾಯ ಮತ್ತೆ ಕಥಾಸಾರ ಎರಡು ಸಲ ಓದಿದೆ, ಅದಕ್ಕೇ ಉತ್ತರ ತಡ ಆಯ್ತು. ಈಗಿರೋ ರೂಪದಲ್ಲಿ ಇದನ್ನ ಪ್ರಕಟಣೆಗೆ ತಗೊಳ್ಳೋಕಾಗಲ್ಲ. ಮೊದಲೇ ಹೇಳ್ಬಿಟ್ಟೆ, ಕೊನೇ ಸಾಲಿನ ತನಕ ನಿಮ್ಮನ್ನ ಕಾಯಿಸೋದು ಸರಿ ಅನ್ನಿಸ್ಲಿಲ್ಲ. ಆದ್ರೆ ವಾಪಸ್ ಕಳ್ಸಿ ಸುಮ್ನಾಗೋಕೂ ಮನಸ್ಸು ಬರ್ತಿಲ್ಲ, ಅದಕ್ಕೆ ಕಾರಣ ನಿಮ್ಮ ಮೂರನೇ ಅಧ್ಯಾಯ, ಅದರ ಮಾತು ಆಮೇಲೆ.

ಕಥೆ ನಾನು ಅರ್ಥ ಮಾಡ್ಕೊಂಡಿರೋದು ಹೀಗೆ. 1478ರ ಏಪ್ರಿಲ್ 26, ಭಾನುವಾರ, ಇಟಲಿಯ ಫ್ಲಾರೆನ್ಸಿನ ಕ್ಯಾಥೆಡ್ರಲ್‌ನಲ್ಲಿ ಪೂಜೆ ನಡೀತಿರೋವಾಗ ಪಾತ್ಸಿ ಮನೆತನದೋರು, ಬ್ಯಾಂಕ್ ನಡೆಸ್ತಾ ಊರನ್ನೇ ಹಿಡಿತದಲ್ಲಿಟ್ಟಿದ್ದ ಮೆಡಿಚಿ ಮನೆತನದ ಅಣ್ಣತಮ್ಮಂದಿರ ಮೇಲೆ ಬೀಳ್ತಾರೆ. ನಿಜವಾದ ಇತಿಹಾಸದಲ್ಲಿ ತಮ್ಮ ಜೂಲಿಯಾನೊ ಸತ್ತ, ಅಣ್ಣ ಲೊರೆಂಜೊ ಕುತ್ತಿಗೆಗೆ ಗಾಯ ಆಗಿ ತಪ್ಪಿಸ್ಕೊಂಡ. ನಿಮ್ಮಲ್ಲಿ ಅದು ಉಲ್ಟಾ, ಲೊರೆಂಜೊ ಸಾಯ್ತಾನೆ, ಜೂಲಿಯಾನೊ ಉಳೀತಾನೆ, ಯಾಕಂದ್ರೆ ಪಾತ್ಸಿಗಳು ಗೊತ್ತುಮಾಡಿದ ಮಾಂತ್ರಿಕ ಒಬ್ಬ ಗುಮ್ಮಟದಿಂದ ಬೆಂಕಿ ಇಳಿಸ್ತಾನೆ. ಐಡಿಯಾ ಚೆನ್ನಾಗಿದೆ. ಬೆಂಕಿ ಮಾತ್ರ ಬೇಡ.

ಯಾಕೆ ಅಂತ ಹೇಳ್ತೀನಿ, ಇದೇ ನನ್ನ ಮುಖ್ಯ ತಕರಾರು. ಮೇಲಿಂದ ಬೆಂಕಿ ಇಳಿಸೋ ಶಕ್ತಿ ಇರೋನು ಕೈಯಲ್ಲಿದ್ರೆ ಪಿತೂರಿನೇ ಬೇಕಾಗಿಲ್ಲ ಅಲ್ವಾ, ಅಷ್ಟು ಜನರನ್ನ ಸೇರ್ಸೋದು, ರೋಮ್‌ನಲ್ಲಿ ಪೋಪ್ ನಾಲ್ಕನೇ ಸಿಕ್ಸ್ಟಸ್ ಮನಸ್ಸು ತಿಳ್ಕೊಳ್ಳೋದು, ಔತಣದಲ್ಲಿ ಮುಗಿಸೋಣ ಅಂತ ಪ್ಲಾನ್ ಮಾಡೋದು, ಜೂಲಿಯಾನೊ ಔತಣಕ್ಕೆ ಬರಲ್ಲ ಅಂತ ಗೊತ್ತಾಗಿ ಪ್ಲಾನ್ ಬದಲಾಯಿಸೋದು, ಇದೆಲ್ಲ ಎರಡು ಅಧ್ಯಾಯ ಪೂರ್ತಿ ಬರೆದಿದೀರಿ, ಅಷ್ಟೂ ಒಂದು ಮಂತ್ರದ ಮುಂದೆ ದಂಡ ಆಗೋಯ್ತು. ಓದುಗ ಮೋಸ ಹೋದ ಹಾಗೆ ಆಗ್ತಾನೆ.

ಅವತ್ತು ನಿಜವಾಗಿ ಏನಾಯ್ತು ನೋಡಿ. ಲೊರೆಂಜೊನ ಕೊಲ್ಲೋ ಕೆಲಸ ಒಪ್ಕೊಂಡಿದ್ದೋನು ಮೊಂಟೆಸೆಕ್ಕೊ ಅನ್ನೋ ಬಾಡಿಗೆ ಸಿಪಾಯಿ, ನುರಿತ ಕೈ. ಜಾಗ ಚರ್ಚ್ ಅಂತ ಬದಲಾದ ತಕ್ಷಣ ಅವನು ದೇವರ ಮನೇಲಿ ನಾನು ಕೊಲ್ಲಲ್ಲ ಅಂದ್ಬಿಟ್ಟ. ಕೊನೇ ಗಳಿಗೇಲಿ ಅವನ ಜಾಗಕ್ಕೆ ಇಬ್ಬರು ಪಾದ್ರಿಗಳು ಬಂದ್ರು, ಅವರಿಗೆ ಚರ್ಚ್ ದಿನಾ ಓಡಾಡೋ ಜಾಗ, ಅಳುಕಿಲ್ಲ, ಆದ್ರೆ ಕತ್ತಿ ಹಿಡಿದು ಗೊತ್ತಿಲ್ಲ. ಅವರಲ್ಲೊಬ್ಬ ಮಾಫೇಯಿ ವೊಲ್ಟೆರಾ ಊರಿನೋನು, 1472ರಲ್ಲಿ ಫ್ಲಾರೆನ್ಸಿನ ಸೈನ್ಯ ಲೂಟಿ ಹೊಡೆದ ಊರು ಅದು. ಇವರ ಏಟು ತಪ್ತು, ಲೊರೆಂಜೊ ಕೊಠಡಿಯೊಳಗೆ ಓಡಿ ಬಾಗಿಲು ಹಾಕಿಸ್ಕೊಂಡ, ಕತ್ತಿಗೆ ವಿಷ ಹಚ್ಚಿರಬಹುದು ಅಂತ ಒಬ್ಬ ಹುಡುಗ ಅವನ ಕುತ್ತಿಗೆ ಗಾಯಕ್ಕೆ ಬಾಯಿಟ್ಟು ರಕ್ತ ಹೀರಿ ಉಗಿದ. ಇದನ್ನೆಲ್ಲ ನೀವು ಬಿಟ್ಟೇ ಬಿಟ್ಟಿದೀರಿ!

ಅಂದ್ರೆ ಇಡೀ ಇತಿಹಾಸ ಒಬ್ಬ ಸಿಪಾಯಿಯ ದೇವರ ಭಯದ ಮೇಲೆ ನಿಂತಿತ್ತು. ನಿಮ್ಮ ಮಾಟ ಅಲ್ಲಿ ಕೈ ಹಾಕ್ಬೇಕು. ಯಾರೋ ಮೊಂಟೆಸೆಕ್ಕೊ ತೋಳಿಗೆ ಒಂದು ತಾಯತ ಕಟ್ತಾರೆ, ಅವನ ಭಯ ಹೋಗುತ್ತೆ, ಕೈ ತಪ್ಪಲ್ಲ, ಲೊರೆಂಜೊ ಸಾಯ್ತಾನೆ. ಅಷ್ಟೇ ಸಾಕು. ತಾಯತ ಅಂದಿದ್ದು ಸುಮ್ನೆ ಅಲ್ಲ. ಮೆಡಿಚಿಗಳ ಆಶ್ರಯದಲ್ಲೇ ಇದ್ದ ತತ್ವಜ್ಞಾನಿ ಫಿಚೀನೊ, ಪ್ಲೇಟೋನ ಅನುವಾದ ಬದಿಗಿಟ್ಟು 1463ರಲ್ಲಿ ಹರ್ಮೀಸ್ ಅನ್ನೋ ಪುರಾತನ ಜ್ಞಾನಿಯ ಹೆಸರಲ್ಲಿದ್ದ ಗೂಢವಿದ್ಯೆಯ ಗ್ರಂಥಗಳನ್ನ ಲ್ಯಾಟಿನ್‌ಗೆ ತಂದೋನು, ಗ್ರಹಗಳ ಶಕ್ತಿನ ಕಲ್ಲು ಲೋಹದ ಮೇಲಿನ ಚಿತ್ರಕ್ಕೆ ಇಳಿಸೋ ಬಗ್ಗೆ ಮುಂದೆ 1489ರ ಪುಸ್ತಕದಲ್ಲಿ ಬರೆದ. ಪಿತೂರಿಯಲ್ಲಿದ್ದ ಪೀಸಾದ ಆರ್ಚ್‌ಬಿಷಪ್ ಸಾಲ್ವಿಯಾತಿಗೂ ಅವನಿಗೂ ಸ್ನೇಹ ಇತ್ತು. ಎಲ್ಲಾ ಅಲ್ಲೇ ಇದೆ, ನೀವು ಹೊರಗಿಂದ ಮಾಂತ್ರಿಕನ್ನ ಕರೆಸೋ ಅಗತ್ಯನೇ ಇಲ್ಲ.

ಈಗ ಮೂರನೇ ಅಧ್ಯಾಯ. ಬ್ಯಾಂಕಿನ ಗುಮಾಸ್ತ ಹುಡುಗ ಗುಟ್ಟಿನ ಲೆಕ್ಕದ ಪುಸ್ತಕದಲ್ಲಿ ಒಂದು ಹೆಸರು ಬರೆದ ಕೂಡ್ಲೆ ಆ ಮನುಷ್ಯ ಸಾಲಗಾರ ಆಗ್ತಾನೆ, ಬರೆದಷ್ಟು ಸಲ ಹುಡುಗನಿಗೆ ಅವನ ತಾಯಿಯ ದನಿ ಸ್ವಲ್ಪ ಸ್ವಲ್ಪ ಮರ್ತುಹೋಗುತ್ತೆ. ಓದಿ ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಇದು ನಿಮ್ಮದು, ಬೇರೆ ಯಾರೂ ಬರೆಯೋಕಾಗಲ್ಲ ಇದನ್ನ. ಮಾಟಕ್ಕೆ ಬೆಲೆ ಇದೆ, ಆ ಬೆಲೆ ಲೆಕ್ಕದ ಭಾಷೇಲೇ ಇದೆ, ಊರು ಕೂಡ ಬ್ಯಾಂಕಿನ ಊರು. ಹಾಗಿರೋವಾಗ ಉಳಿದ ನಾಲ್ಕು ಅಧ್ಯಾಯದಲ್ಲಿ ಮಂತ್ರ ಯಾಕೆ ಪುಕ್ಕಟೆ? ಸಿಪಾಯಿಯ ಭಯ ತೆಗೆದ್ರೆ ಅದು ಎಲ್ಲಿಗೋ ಹೋಗ್ಬೇಕಲ್ಲ. ಆ ಭಯ ಯಾರ ಖಾತೆಗೆ ಬಿತ್ತು? ನನ್ನ ಕೇಳಿದ್ರೆ ಗುಮಾಸ್ತನ ಖಾತೆಗೆ, ಆದ್ರೆ ಅದು ನೀವು ತೀರ್ಮಾನ ಮಾಡ್ಬೇಕಾದ್ದು.

ರಾಜಕೀಯದ ಕಡೆ ಒಂದು ದೊಡ್ಡ ತಪ್ಪಿದೆ. ಲೊರೆಂಜೊನ ಎಲ್ಲರೂ ಮಹಾಪ್ರಭು ಅಂತಾರೆ, ಸಿಂಹಾಸನ ಇದೆ, ದರ್ಬಾರು ಇದೆ. ಅವನು ರಾಜ ಅಲ್ಲ. ಫ್ಲಾರೆನ್ಸ್ ಗಣರಾಜ್ಯ, ಆಳೋದು ಸಿಗ್ನೋರಿಯಾ ಅನ್ನೋ ಒಂಬತ್ತು ಜನರ ಮಂಡಳಿ, ಎರಡೆರಡು ತಿಂಗಳಿಗೆ ಹೊಸಬರು, ಚೀಲದಿಂದ ಚೀಟಿ ಎತ್ತಿ ಆರಿಸೋದು. ಮೆಡಿಚಿಗಳ ಆಟ ಇದ್ದಿದ್ದು ಆ ಚೀಲಕ್ಕೆ ಯಾರ ಹೆಸರು ಬೀಳ್ಬೇಕು ಅನ್ನೋದ್ರಲ್ಲಿ. ಹೆಸರು ಬರೆದ್ರೆ ಮನುಷ್ಯ ಕಟ್ಟುಬೀಳೋ ಮಾಟ ಒಂದು ಕಡೆ, ಹೆಸರು ತುಂಬಿದ ಚೀಲ ಇನ್ನೊಂದು ಕಡೆ, ಇವೆರಡನ್ನ ನೀವು ಇನ್ನೂ ಒಟ್ಟಿಗೆ ತಂದಿಲ್ಲ ಅನ್ನೋದು ನಂಗೆ ಆಶ್ಚರ್ಯ.

ನಾಲ್ಕನೇ ಅಧ್ಯಾಯ ಶುರುವಾಗೋದೇ 'ಹತ್ತು ವರ್ಷಗಳ ನಂತರ' ಅಂತ. ಕಥೆಯ ಜೀವ ಇರೋದೇ ಆ ಹತ್ತು ವರ್ಷದಲ್ಲಿ, ದಯವಿಟ್ಟು ಹಾರಿಸ್ಬೇಡಿ. ನಿಜದಲ್ಲಿ ಪೋಪ್ ಲೊರೆಂಜೊಗೆ ಬಹಿಷ್ಕಾರ ಹಾಕಿದ, ಪೋಪ್ ಜೊತೆ ನೇಪಲ್ಸ್ ರಾಜನೂ ಯುದ್ಧಕ್ಕೆ ಬಂದ, 1479ರ ಡಿಸೆಂಬರ್‌ನಲ್ಲಿ ಲೊರೆಂಜೊ ತಾನೇ ಶತ್ರುವಿನ ಊರಿಗೆ ಹೋಗಿ ಕೂತು ಮಾತಾಡಿ 1480ರ ಮಾರ್ಚ್‌ನಲ್ಲಿ ರಾಜಿ ಮಾಡ್ಕೊಂಡ. ನಿಮ್ಮಲ್ಲಿ ಅವನು ಸತ್ತಿದಾನೆ. ನೇಪಲ್ಸ್‌ಗೆ ಯಾರು ಹೋಗ್ತಾರೆ? ಇಪ್ಪತ್ತೈದರ ಆಸುಪಾಸಿನ ಜೂಲಿಯಾನೊನಾ? ಅವನ ಕೈಗೆ ಬಂದಿರೋ ಬ್ಯಾಂಕೂ ಗಟ್ಟಿ ಇಲ್ಲ, ಅದರ ಬ್ರೂಜ್ ಊರಿನ ಶಾಖೆಯೋರು ಬರ್ಗಂಡಿಯ ಡ್ಯೂಕ್ ಚಾರ್ಲ್ಸ್‌ಗೆ ಸಿಕ್ಕಾಪಟ್ಟೆ ಸಾಲ ಕೊಟ್ಟಿದ್ರು, ಅವನು 1477ರಲ್ಲಿ ಯುದ್ಧದಲ್ಲಿ ಸತ್ತ.

ಹಂಪಿಯಿಂದ ಬರೋ ಯೋಗಿ ಬಗ್ಗೆ. ಕನ್ನಡದ ನಂಟು ಇರ್ಲಿ ಅಂತ ತಂದಿದೀರಿ, ಗೊತ್ತಾಗುತ್ತೆ, ಆದ್ರೆ ಅಂಟಿಸಿದ ಹಾಗಿದೆ. ನಿಜವಾದ ನಂಟು ಪಿತೂರಿಯೊಳಗೇ ಇದೆ. ವಿಜಯನಗರ ನೋಡ್ಬಂದ ನಿಕೊಲೊ ಕೊಂಟಿ ಶಾಲೆ ಪಾಠದಲ್ಲೇ ಬರ್ತಾನಲ್ಲ, ಅವನ ಬಾಯಿಂದ ಕೇಳಿ ಬರ್ಕೊಂಡೋನು ಪೋಪ್‌ನ ಕಾರ್ಯದರ್ಶಿ ಪೊಜ್ಜೊ ಬ್ರಾಚೊಲೀನಿ. ಆ ಪೊಜ್ಜೊನ ಮಗ ಯಾಕೊಪೊ ಅವತ್ತು ಸಾಲ್ವಿಯಾತಿ ಜೊತೆ ಸರ್ಕಾರದ ಅರಮನೆ ಹಿಡಿಯೋಕೆ ಹೋಗಿದ್ದ, ಇವರ ಕಡೆಯೋರೇ ಕೆಲವರು ಒಂದು ಕೋಣೆಗೆ ಹೋಗಿ ಬಾಗಿಲು ಹಾಕ್ಕೊಂಡು ಕೀಲಿ ಇಲ್ದೆ ಒಳಗೇ ಸಿಕ್ಕಿಬಿದ್ರು, ಸಿಗ್ನೋರಿಯಾದ ಅಧ್ಯಕ್ಷ ಪೆಟ್ರೂಚಿ ಯಾಕೊಪೊನ ಕೂದಲು ಹಿಡಿದು ಎಳೆದು ಕಾವಲುಗಾರರಿಗೆ ಕೊಟ್ಟ, ಅವತ್ತೇ ನೇಣು. ಅಪ್ಪ ಬರೆದಿಟ್ಟ ವಿಜಯನಗರದ ಸುದ್ದಿ ಓದಿ ಬೆಳೆದ ಮಗ ಅಂತ ಊಹಿಸ್ಕೊಳ್ಳಿ, ಯೋಗಿಗಿಂತ ನೂರು ಪಾಲು ಮೇಲು.

ಭಾಷೆ: 'ಓ ದೇವರೇ, ನೀನು ತಮಾಷೆ ಮಾಡುತ್ತಿರಬೇಕು' ಅಂತ ಕನ್ನಡದಲ್ಲಿ ಯಾರೂ ಅನ್ನಲ್ಲ, ಡಬ್ಬಿಂಗ್ ಸೀರಿಯಲ್ ಥರ ಕೇಳುತ್ತೆ. ಸಂತೆ ಸೀನಲ್ಲಿ ಟೊಮೆಟೊ, ಮೆಣಸಿನಕಾಯಿ ತೆಗೀರಿ, ಅವಿನ್ನೂ ಯುರೋಪಿಗೆ ಬಂದೇ ಇರ್ಲಿಲ್ಲ.

ಇಡೀ ಕಾದಂಬರಿ ತಿದ್ದೋಕೆ ಈಗ ಹೋಗ್ಬೇಡಿ. ಔತಣ ರದ್ದಾಗಿ ಜಾಗ ಚರ್ಚ್ ಅಂತ ಬದಲಾದ ಗಳಿಗೇಲಿ ಮೊಂಟೆಸೆಕ್ಕೊ ಮುಂದೆ ಯಾರೋ ತಾಯತ ಇಟ್ಟಿದಾರೆ, ಕಟ್ಕೊಬೇಕೋ ಬೇಡ್ವೋ ಅಂತ ಅವನು ನೋಡ್ತಾ ಕೂತಿದಾನೆ, ಆ ಒಂದು ಸೀನ್ ಐದಾರು ಪುಟ ಬರೆದು ಕಳ್ಸಿ. ಬಂದ ವಾರದಲ್ಲೇ ಓದಿ ಉತ್ತರ ಬರೀತೀನಿ.